ಹಬ್ಬದ ಗಿಫ್ಟ್: ಆನ್‌ಲೈನ್ ಕ್ಯಾಟಲಾಗೋ, ಚನ್ನಪಟ್ಟಣವೋ?

ಬೆಂಗಳೂರಿನ ಕಂಪನಿಗಳಲ್ಲಿ ಖರೀದಿ ನೋಡಿಕೊಳ್ಳುವವರಿಗೆ ದೀಪಾವಳಿ ಹತ್ತಿರ ಬಂದಾಗ ಇದೇ ಯೋಚನೆ, ಅಲ್ವಾ?

ಕ್ಯಾಟಲಾಗ್‌ನಲ್ಲಿ ಕೆಲಸ ಬೇಗ. 500 ಡಬ್ಬಿ, ಎಲ್ಲವೂ ಒಂದೇ ಥರ. ಮುಂದಿನ ವಾರವೇ ಬೇಕಿದ್ದರೆ ಅದೇ ಸರಿ.

ಮರದ ಆಟಿಕೆಗಳ ಊರು ಚನ್ನಪಟ್ಟಣ ಇರುವುದು ಸುಮಾರು 60 ಕಿ.ಮೀ. ದೂರದಲ್ಲಿ. ಆರ್ಡರ್ ಕೊಡುವ ಮೊದಲು ಒಮ್ಮೆ ಹೋಗಿ ನೋಡಿ. ಲೇತ್ ಮೇಲೆ ಗಿರ್ರನೆ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆ ಗರಿಯಲ್ಲಿ ತಿಕ್ಕಿದರೆ ಫಳಫಳ ಹೊಳಪು. ಈ ಆಟಿಕೆಗಳಿಗೆ ಜಿಐ, ಅಂದರೆ ಇದು ಇದೇ ಊರಿನದು ಎನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಕೈಕೆಲಸವಾದ್ದರಿಂದ ಬಣ್ಣ, ಅಳತೆ ಚೂರು ಹೆಚ್ಚುಕಮ್ಮಿ ಆಗುತ್ತದೆ. ಸಮಯವೂ ಜಾಸ್ತಿ ಬೇಕು. ಎರಡು ತಿಂಗಳು ಮೊದಲೇ ಹೇಳಿ, ಮುಂಗಡ ಕೊಡಿ. ಸಣ್ಣ ಕುಶಲಕರ್ಮಿಗಳಿಗೆ ಹೊಡೆತ ಬೀಳುವುದು ಬಾಕಿ ಬಿಲ್ಲಿನಿಂದ. ನೋಂದಾಯಿತ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯೇ ಹೇಳುತ್ತದೆ.

ನನ್ನ ಆಯ್ಕೆ ಚನ್ನಪಟ್ಟಣವೇ. ಒಂದೇ ಸಲ ಎಲ್ಲ ಬದಲಿಸಲು ಭಯವಾದರೆ ಈ ವರ್ಷ 50 ಪೆನ್ ಸ್ಟ್ಯಾಂಡ್ ತರಿಸಿ ನೋಡಿ.