ಏಜೆಂಟ್ ಲೈಸೆನ್ಸ್ ಆಸೆಗೆ ನಾನು ಕಳೆದುಕೊಂಡ 45,000 ರೂಪಾಯಿ

ಗೋವಾದಲ್ಲಿ, ಅದರಲ್ಲೂ ವಾಸ್ಕೋ, ಮಡಗಾಂವ್ ಕಡೆ ಇರುವ ನಮ್ಮ ಕನ್ನಡದ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ‘ಆರು ಭಾನುವಾರಗಳ ತರಬೇತಿ, ಕೊನೆಗೆ ಫಿಫಾ ಮಾನ್ಯತೆಯ ಫುಟ್‌ಬಾಲ್ ಏಜೆಂಟ್ ಲೈಸೆನ್ಸ್’ ಎಂಬ ಜಾಹೀರಾತು ನಿಮ್ಮ ಮೊಬೈಲ್‌ಗೂ ಬಂದಿದ್ದರೆ ದುಡ್ಡು ಕಳಿಸುವ ಮುಂಚೆ ಓದಿ. ನಾನು ಏನನ್ನೂ ಓದದೆ ಕಳಿಸಿದವನು. ಫಿಫಾ ಅಂದರೆ ಜಗತ್ತಿನ ಫುಟ್‌ಬಾಲ್ ಆಡಳಿತ ಸಂಸ್ಥೆ; ಏಜೆಂಟ್ ಅಂದರೆ ಆಟಗಾರನ ಪರವಾಗಿ ಕ್ಲಬ್ಬಿನ ಜೊತೆ ಒಪ್ಪಂದ ಕುದುರಿಸಿ ಕಮಿಷನ್ ಪಡೆಯುವವನು.

ನಮ್ಮಪ್ಪ ಬಾಗಲಕೋಟೆ ಕಡೆಯಿಂದ ಬಂದರಿನ ಕೂಲಿಗೆಂದು ಬಂದವರು. ನಾನು ಹುಟ್ಟಿ ಬೆಳೆದದ್ದು ಝುವಾರಿನಗರದಲ್ಲಿ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಂಡಿ ಕೈಕೊಡುವವರೆಗೆ ಫುಟ್‌ಬಾಲ್ ಆಡಿದೆ. ಈಗಲೂ ತಿಲಕ್ ಮೈದಾನದಲ್ಲಿ ಪಂದ್ಯವಿದ್ದರೆ ಅಂಗಡಿಗೆ ಅರ್ಧ ದಿನ ಬೀಗ. ಯಾವ ಹುಡುಗನ ಎಡಗಾಲಿನಲ್ಲಿ ಎಷ್ಟು ಜೋರಿದೆ ಎಂದು ಬಲ್ಲವನಿಗೆ ಏಜೆಂಟ್ ಆಗುವುದೇನು ಮಹಾ ಎಂದುಕೊಂಡೆ.

ತರಗತಿ ನಡೆದದ್ದು ಮಡಗಾಂವ್‌ನ ಒಂದು ಬಾಡಿಗೆ ಕೋಣೆಯಲ್ಲಿ. ಹದಿನಾಲ್ಕು ಮಂದಿ ಇದ್ದೆವು. ಮೊದಲು 25,000, ಪ್ರಮಾಣಪತ್ರ ಕೈಗೆ ಬಂದ ದಿನ 20,000. ಪಾಠ ಹೇಳುತ್ತಿದ್ದ ಮನುಷ್ಯ ಮಾತಿನಲ್ಲಿ ಮನೆ ಕಟ್ಟುವವನು. ದಪ್ಪನೆಯ ಒಂದು ಸ್ಪೈರಲ್ ಪುಸ್ತಕ ಕೊಟ್ಟಿದ್ದ. ಅದರ ತುಂಬ ‘ಇಂಟರ್‌ಮೀಡಿಯರಿ’, ಅಂದರೆ ಮಧ್ಯವರ್ತಿ, ಎಂಬ ಪದ. ಏಜೆಂಟ್ ಎಂಬ ಪದ ರಟ್ಟಿನ ಮೇಲೆ ಮಾತ್ರ. ಒಬ್ಬ ಹುಡುಗ ಅದನ್ನೇ ಕೇಳಿದ. “ಎರಡೂ ಒಂದೇ” ಎಂದು ಪುಟ ತಿರುಗಿಸಿಬಿಟ್ಟ. ಹಗರಣದ ಬೇರು ಆ ಒಂದು ಪದದಲ್ಲೇ ಇತ್ತೆಂದು ನನಗೆ ಗೊತ್ತಾಗಲು ಐದು ತಿಂಗಳು ಬೇಕಾದವು.

ಪುಸ್ತಕದಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ, ಹಳಸಿದ ನಿಜ. 2015ರ ಏಪ್ರಿಲ್‌ನಲ್ಲಿ ಫಿಫಾ ತನ್ನ ಹಳೆಯ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟಿತ್ತು. ಪರೀಕ್ಷೆ ಇರಲಿಲ್ಲ, ಆಯಾ ದೇಶದ ಫುಟ್‌ಬಾಲ್ ಸಂಸ್ಥೆಯಲ್ಲಿ ಮಧ್ಯವರ್ತಿ ಎಂದು ಹೆಸರು ನೋಂದಾಯಿಸಿದರೆ ಸಾಕಿತ್ತು, ಕಂಪನಿಗಳೂ ನೋಂದಾಯಿಸಬಹುದಿತ್ತು. ಆದರೆ 2022ರ ಡಿಸೆಂಬರ್‌ನಲ್ಲಿ ಫಿಫಾ ಹೊಸ ನಿಯಮಾವಳಿಗೆ ಒಪ್ಪಿಗೆ ಕೊಟ್ಟಿತು, 2023ರ ಅಕ್ಟೋಬರ್ 1ರಿಂದ ಲೈಸೆನ್ಸ್ ಮತ್ತೆ ಕಡ್ಡಾಯವಾಯಿತು. ನಮಗೆ ಕಲಿಸಿದ್ದು ಸತ್ತುಹೋದ ಕಾನೂನನ್ನು.

ಪರೀಕ್ಷೆ ಇದೆಯಂತಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ. ಅದಕ್ಕೂ ಉತ್ತರ ಸಿದ್ಧವಿತ್ತು: ಜರ್ಮನಿಯ ನ್ಯಾಯಾಲಯ ಹೊಸ ನಿಯಮಗಳಿಗೆ ತಡೆ ಹಾಕಿದೆ, ಫಿಫಾ ಕೂಡ ಹಿಂದೆ ಸರಿದಿದೆ, ಬೇಕಾದರೆ ಹುಡುಕಿ ನೋಡಿ. ಹುಡುಕಿದೆ. ಸುದ್ದಿ ನಿಜವಾಗಿಯೂ ಸಿಕ್ಕಿತು! ಶೀರ್ಷಿಕೆ ಓದಿ ಮೊಬೈಲ್ ಕೆಳಗಿಟ್ಟೆ. 2023ರ ಕೊನೆಯಲ್ಲಿ ಫಿಫಾ ತಡೆಹಿಡಿದದ್ದು ಕಮಿಷನ್‌ನ ಮಿತಿಯಂತಹ ಕೆಲವು ಕಲಮುಗಳನ್ನು. ಲೈಸೆನ್ಸ್ ಮತ್ತು ಪರೀಕ್ಷೆಯ ಕಲಮುಗಳು ಅಲುಗಾಡಿರಲಿಲ್ಲ. ಇನ್ನೆರಡು ಪ್ಯಾರಾ ಓದಿದ್ದರೆ ತಿಳಿಯುತ್ತಿತ್ತು.

ಅಸಲು ದಾರಿ ಹೀಗಿದೆ. ಅರ್ಜಿ ಹಾಕಬೇಕಾದದ್ದು ಫಿಫಾದ ಸ್ವಂತ ಜಾಲತಾಣದಲ್ಲಿ, ನಿಮ್ಮ ಹೆಸರಿನಲ್ಲಿ. ವಂಚನೆ, ಹಿಂಸೆಯಂತಹ ಅಪರಾಧಗಳಲ್ಲಿ ಶಿಕ್ಷೆ ಆಗಿರಬಾರದು, ಹಿಂದಿನ ಐದು ವರ್ಷಗಳಲ್ಲಿ ದಿವಾಳಿ ಎದ್ದಿರಬಾರದು, ಕ್ಲಬ್ಬಿನ ಅಥವಾ ಫುಟ್‌ಬಾಲ್ ಸಂಸ್ಥೆಯ ನೌಕರಿಯಲ್ಲಿ ಇರಬಾರದು. ನಂತರ ಪರೀಕ್ಷೆ: ಒಂದು ಗಂಟೆ, 20 ಬಹುಆಯ್ಕೆ ಪ್ರಶ್ನೆಗಳು, ಪಾಸಾಗಲು 75 ಶೇಕಡಾ, ಅಂದರೆ 15 ಸರಿ ಉತ್ತರ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ ಮಾತ್ರ. ನಿಯಮಗಳ ಪುಸ್ತಕ ಎದುರಿಗೆ ತೆರೆದಿಟ್ಟುಕೊಂಡೇ ಬರೆಯಬಹುದು. ಹಾಗಿದ್ದೂ 2023ರ ಏಪ್ರಿಲ್‌ನ ಮೊದಲ ಪರೀಕ್ಷೆಯಲ್ಲಿ ಬರೆದವರ ಪೈಕಿ ಪಾಸಾದವರು ಹೆಚ್ಚುಕಡಿಮೆ ಅರ್ಧದಷ್ಟು. ಓದಬೇಕಾದ ಸಾಮಗ್ರಿಯನ್ನು ಫಿಫಾ ಬಿಟ್ಟಿಯಾಗಿಯೇ ಕೊಡುತ್ತದೆ. ಪಾಸಾದ ಮೇಲೆ ವರ್ಷಕ್ಕೆ 600 ಡಾಲರ್ ಶುಲ್ಕ, ಜೊತೆಗೆ ಪ್ರತಿ ವರ್ಷ ಮುಂದುವರಿಕೆ ತರಬೇತಿ. ಯಾವ ಖಾಸಗಿ ತರಗತಿಯೂ ಕಡ್ಡಾಯವಲ್ಲ. ಓದಲು ನೆರವಾಗುವ ಪ್ರಾಮಾಣಿಕ ತರಗತಿಗಳೂ ಇರಬಹುದು, ನಾನು ಬೇಡ ಎನ್ನುವುದಿಲ್ಲ. ಲೈಸೆನ್ಸನ್ನೇ ಕೊಡುತ್ತೇವೆ ಎನ್ನುವವರ ಮಾತು ಬೇರೆ.

ನಮ್ಮನ್ನು ಮುಳುಗಿಸಿದ ಇನ್ನೊಂದು ಮಾತು ‘ನಮ್ಮ ಸಂಸ್ಥೆಯ ಲೈಸೆನ್ಸ್ ಅಡಿಯಲ್ಲಿ ಕೆಲಸ ಮಾಡಿ’ ಎಂಬುದು. ಈಗಿನ ಲೈಸೆನ್ಸ್ ಒಬ್ಬ ವ್ಯಕ್ತಿಗೆ ಮಾತ್ರ. ಕಂಪನಿಗೆ ಸಿಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ. ಹಿಂದೆ ಆಟಗಾರನ ಅಪ್ಪ, ಅಣ್ಣ, ವಕೀಲರಿಗೆ ವಿನಾಯಿತಿ ಇತ್ತು. ಈಗ ಅಣ್ಣನೇ ಆದರೂ ತಮ್ಮನ ಪರವಾಗಿ ಏಜೆಂಟ್ ಕೆಲಸ ಮಾಡಲು ಲೈಸೆನ್ಸ್ ಬೇಕು.

ಇಲ್ಲಿಯವರೆಗೆ ಹೇಳಿದ್ದು ನನ್ನ ದುಡ್ಡಿನ ಕತೆ. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ, ನಮ್ಮ ಜಿಲ್ಲೆಯವರೇ, ಅಪ್ಪನ ಜೊತೆ ಮೂಟೆ ಹೊತ್ತವರು. ಅವರ ಮಗನಿಗೆ ಹದಿನಾರು ವರ್ಷ, ಒಳ್ಳೆಯ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ಆಡುವವನು. ಯುರೋಪಿನ ಕ್ಲಬ್ಬೊಂದರಲ್ಲಿ ಟ್ರಯಲ್ಸ್ ಕೊಡಿಸಿ ಅಲ್ಲೇ ಸೇರಿಸುತ್ತೇವೆ, ಮೊದಲು ನೋಂದಣಿಗೆ 18,000 ಕಟ್ಟಿಸು ಎಂದು ಪಾಠ ಹೇಳಿದ ಆ ಮನುಷ್ಯ ನನಗೆ ಹೇಳಿದ. ನಾನು ಹೋಗಿ ಕಾಕಾರ ಮನೆಯಲ್ಲಿ ಕುಳಿತು ಪ್ರಮಾಣಪತ್ರ ತೋರಿಸಿದೆ. ಅವರು ಇಂಗ್ಲಿಷ್ ಓದಲಾರರು. ಅದರ ಬಂಗಾರ ಬಣ್ಣದ ಮೊಹರಿನ ಮೇಲೆ ಹೆಬ್ಬೆರಳಾಡಿಸಿ, “ನೀನು ಇದ್ದೀಯಲ್ಲ ತಮ್ಮಾ, ಸಾಕು” ಎಂದರು. ದುಡ್ಡು ಹತ್ತು ರೂಪಾಯಿಯ ನೋಟುಗಳನ್ನೂ ಸೇರಿಸಿ ಎಣಿಸಿದ್ದಾಗಿತ್ತು.

ಹದಿನೆಂಟು ತುಂಬದ ಆಟಗಾರನನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವುದನ್ನು ಫಿಫಾ ನಿಷೇಧಿಸಿದೆ. ಇರುವ ಬೆರಳೆಣಿಕೆಯ ವಿನಾಯಿತಿಗಳಲ್ಲಿ ಝುವಾರಿನಗರದ ಹುಡುಗ ಬರುವುದಿಲ್ಲ. ಲೈಸೆನ್ಸ್ ಇರುವ ಏಜೆಂಟ್‌ಗೂ ಅಪ್ರಾಪ್ತ ಆಟಗಾರನನ್ನು ಸಂಪರ್ಕಿಸಿ ಪ್ರತಿನಿಧಿಸಲು ಕಟ್ಟುನಿಟ್ಟಿನ ನಿಯಮವಿದೆ: ಆ ದೇಶದ ಕಾನೂನಿನಂತೆ ಹುಡುಗ ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಬಹುದಾದ ವಯಸ್ಸಿಗೆ ಆರು ತಿಂಗಳಿರುವಾಗಲಷ್ಟೇ, ಅದೂ ಪೋಷಕರ ಲಿಖಿತ ಒಪ್ಪಿಗೆ ಪಡೆದು, ಅಪ್ರಾಪ್ತರ ಬಗೆಗಿನ ತರಬೇತಿಯನ್ನು ಮುಗಿಸಿದ್ದರೆ. ನಾನು ಇದ್ಯಾವುದೂ ಗೊತ್ತಿಲ್ಲದೆ ಅವರ ಚಾಪೆಯ ಮೇಲೆ ಕುಳಿತು ಚಹಾ ಕುಡಿದು ಬಂದಿದ್ದೆ.

ಗುಟ್ಟು ಬಯಲು ಮಾಡಿದವಳು ಕಾಕಾರ ಮಗಳು, ಕಾಲೇಜಿಗೆ ಹೋಗುವ ಹುಡುಗಿ. ಒಂದು ಸಂಜೆ ಅಂಗಡಿಗೆ ಬಂದು ಮೊಬೈಲ್ ಮುಂದಿಟ್ಟು, “ಅಣ್ಣಾ, ಫಿಫಾದ ಏಜೆಂಟರ ಪಟ್ಟಿಯಲ್ಲಿ ನಿಮ್ಮ ಹೆಸರು ಸಿಗುತ್ತಿಲ್ಲ. ನಿಮ್ಮ ಸರ್ ಹೆಸರೂ ಇಲ್ಲ” ಎಂದಳು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಹೆಸರು ಹಾಕಿದರೆ ಎರಡು ನಿಮಿಷದ ಕೆಲಸ. ಕಾಗುಣಿತ ತಪ್ಪಿರಬೇಕೆಂದು ನಾನು ನಾಲ್ಕು ಬಗೆಯಲ್ಲಿ ನನ್ನ ಹೆಸರನ್ನೇ ಟೈಪ್ ಮಾಡಿದೆ.

ಮರುದಿನ ಜೊತೆಗೆ ಕಲಿತ ಒಬ್ಬನನ್ನು ವಾಸ್ಕೋದ ಚಹಾ ಅಂಗಡಿಗೆ ಕರೆಸಿದೆ. ಇಬ್ಬರ ಪ್ರಮಾಣಪತ್ರಗಳನ್ನೂ ಪಕ್ಕಪಕ್ಕ ಇಟ್ಟೆವು. ಹೆಸರು ಬೇರೆ, ಲೈಸೆನ್ಸ್ ಸಂಖ್ಯೆ ಒಂದೇ. ಅವನು ಮಾತಾಡದೆ ತನ್ನದನ್ನು ಮಡಚಿ ಜೇಬಿಗೆ ಇಟ್ಟುಕೊಂಡ.

ದೂರು ಕೊಡೋಣ ಎಂದರೆ ಹದಿನಾಲ್ಕರಲ್ಲಿ ಹನ್ನೆರಡು ಮಂದಿ ಹಿಂಜರಿದರು. ಅದಕ್ಕೂ ಕಾರಣವಿದೆ. ಲೈಸೆನ್ಸ್ ಇಲ್ಲದೆ ಏಜೆಂಟ್ ಕೆಲಸ ಮಾಡಿದ್ದು ಸಾಬೀತಾದರೆ ಮುಂದಿನ 24 ತಿಂಗಳು ಅಸಲಿ ಲೈಸೆನ್ಸ್‌ಗೆ ಅರ್ಹತೆ ಇರುವುದಿಲ್ಲ. ಅಷ್ಟರಲ್ಲಿ ಎಲ್ಲರೂ ಒಬ್ಬಿಬ್ಬರು ಹುಡುಗರ ಮನೆ ಬಾಗಿಲು ತಟ್ಟಿ ಆಗಿತ್ತು. ಪ್ರಮಾಣಪತ್ರ ಕೊಟ್ಟ ಮೊದಲ ತಿಂಗಳಲ್ಲೇ ನಮ್ಮನ್ನು ಹುಡುಗರ ಮನೆಗೆ ಅಟ್ಟಿದ್ದು ಏಕೆಂದು ಆಗ ಹೊಳೆಯಿತು: ನಮ್ಮ ಕೈಗೂ ಮಸಿ ಹತ್ತಿದರೆ ನಾವು ಬಾಯಿ ಬಿಡುವುದಿಲ್ಲ. ನಾವಿಬ್ಬರು 1930ಕ್ಕೆ ಕರೆ ಮಾಡಿ, ಠಾಣೆಯಲ್ಲೂ ಲಿಖಿತ ದೂರು ಕೊಟ್ಟೆವು. ಸೈಬರ್ ವಂಚನೆಯ ಆ ಸಹಾಯವಾಣಿಗೆ ದುಡ್ಡು ಹೋದ ಗಂಟೆಯಲ್ಲೇ ಕರೆ ಮಾಡಿದ್ದರೆ ಪ್ರಯೋಜನವಿತ್ತು. ನಾವು ಮಾಡಿದ್ದು ಐದು ತಿಂಗಳ ಮೇಲೆ. ಆ ಕೋಣೆಯಲ್ಲಿ ಈಗ ಯಾರೋ ಟೈಲರ್ ಕುಳಿತಿದ್ದಾರೆ.

ಕಾಕಾರ ದುಡ್ಡನ್ನು ನಾನೇ ಕಂತಿನಲ್ಲಿ ಕೊಡುತ್ತಿದ್ದೇನೆ. ಇನ್ನು 6,000 ಬಾಕಿ ಇದೆ. ತೆಗೆದುಕೊಳ್ಳುವಾಗ ಅವರು ಎಣಿಸುವುದಿಲ್ಲ, ನನ್ನ ಮುಖವನ್ನೂ ನೋಡುವುದಿಲ್ಲ. ಹುಡುಗ ಮಾತ್ರ ಸಂಜೆ ಅಂಗಡಿಯ ಮುಂದೆ ಹಾದುಹೋಗುವಾಗ ಬೂಟುಗಳನ್ನು ಕುತ್ತಿಗೆಗೆ ನೇತುಹಾಕಿಕೊಂಡು ನಿಂತು, ಭಾನುವಾರದ ಪಂದ್ಯಕ್ಕೆ ಬರುತ್ತೀಯಾ ಎಂದು ಕೇಳುತ್ತಾನೆ.