ದೂರ ಸರಿಯಾಗಿದೆ, ಸಮಯ ಮಾತ್ರ ನಂಬಬೇಡಿ

ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ತೋರಿಸುವ ಆಪ್ ಇದು. ಒಂದು ವರ್ಷದಿಂದ ನನ್ನ ಫೋನಿನಲ್ಲಿದೆ. ಐದರಲ್ಲಿ ಮೂರು ಸ್ಟಾರ್ ಕೊಡುತ್ತಿದ್ದೇನೆ. ಮೂರೂ ದೂರಕ್ಕೇ.

ಕಳೆದ ಚಳಿಗಾಲದಲ್ಲಿ ಅಮ್ಮ ನ್ಯೂಯಾರ್ಕಿನ ಜೆಎಫ್‌ಕೆಯಿಂದ ಲಂಡನ್ನಿನ ಹೀಥ್ರೂಗೆ ಒಬ್ಬಳೇ ಬರುತ್ತಿದ್ದಳು. ವಿಮಾನ ಎರಡು ಗಂಟೆ ತಡವಾಗಿ ಹಾರಿತು. ಟಿಕೆಟ್‌ನಲ್ಲಿದ್ದ ಸಮಯ ಇನ್ನು ಲೆಕ್ಕಕ್ಕಿಲ್ಲ ಅಂತ ಈ ಆಪ್ ತೆರೆದೆ. 7 ಗಂಟೆ 25 ನಿಮಿಷ ಎಂದು ತೋರಿಸಿತು. ಅದನ್ನೇ ನಂಬಿ ಹೊರಟೆ. ವಿಮಾನ ಹಾರಿದ 6 ಗಂಟೆ 10 ನಿಮಿಷದಲ್ಲೇ ಇಳಿದುಬಿಟ್ಟಿತ್ತು. ನಾನು ಹೋದಾಗ ಅಮ್ಮ ಸೂಟ್‌ಕೇಸ್ ಹಿಡಿದುಕೊಂಡು, ಫೋನ್ ಚಾರ್ಜ್ ಮುಗಿದು, ಮುಕ್ಕಾಲು ಗಂಟೆಯಿಂದ ನಿಂತೇ ಇದ್ದಳು. ಆ ಮುಖ ಇನ್ನೂ ಕಣ್ಣಮುಂದಿದೆ.

ಅವತ್ತು ರಾತ್ರಿ ನಿಲ್ದಾಣಗಳನ್ನು ಅದಲುಬದಲು ಮಾಡಿ ನೋಡಿದೆ. ಹೀಥ್ರೂನಿಂದ ಜೆಎಫ್‌ಕೆಗೂ ಅದೇ 7 ಗಂಟೆ 25 ನಿಮಿಷ! ಆಗ ಲೆಕ್ಕ ಹೊಳೆಯಿತು. ಸುಮಾರು 5,540 ಕಿ.ಮೀ. ದೂರವನ್ನು ಗಂಟೆಗೆ 800 ಕಿ.ಮೀ.ನಂತೆ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತಾರೆ. ಅಷ್ಟೇ. ಗಾಳಿಯ ಮಾತೇ ಇಲ್ಲ.

ಗಾಳಿಯನ್ನು ಬಿಟ್ಟರೆ ಹೇಗೆ? ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಲಂಡನ್ ಕಡೆ ಬರುವಾಗ ಅದು ಬೆನ್ನಿಗೆ, ನ್ಯೂಯಾರ್ಕ್ ಕಡೆ ಹೋಗುವಾಗ ಎದುರಿಗೆ. 2020ರ ಫೆಬ್ರವರಿಯಲ್ಲಿ ಚಂಡಮಾರುತದ ಗಾಳಿ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ಜೆಎಫ್‌ಕೆಯಿಂದ ಹೀಥ್ರೂಗೆ 5 ಗಂಟೆಯೊಳಗೇ ಬಂದಿತ್ತು.

ದೂರದ ವಿಷಯದಲ್ಲಿ ಮಾತ್ರ ಆಪ್ ಅಚ್ಚುಕಟ್ಟು. ಗೋಳದ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ಅದೇ ಹತ್ತಿರದ ದಾರಿ. ನ್ಯೂಯಾರ್ಕ್, ಲಂಡನ್‌ನಂಥ ಊರುಗಳ ನಡುವೆ ಚಪ್ಪಟೆ ನಕ್ಷೆಯಲ್ಲಿ ಅದೇ ಗೆರೆ ಉತ್ತರಕ್ಕೆ ಬಾಗಿ ಕಾಣುತ್ತದೆ. ಆಪ್ ಆ ಬಾಗಿದ ಗೆರೆಯನ್ನೇ ಬಿಡಿಸುತ್ತದೆ. ನಾಟಿಕಲ್ ಮೈಲಿಯಲ್ಲೂ ತೋರಿಸುತ್ತದೆ, 1.852 ಕಿ.ಮೀ.ಗೆ ಒಂದರಂತೆ ಗುಣಿಸಿ ನೋಡಿದೆ, ಸರಿ ಬಂತು. ಆದರೆ ವಿಮಾನಗಳು ಯಾವಾಗಲೂ ಆ ಗೆರೆ ಹಿಡಿದೇ ಹೋಗುವುದಿಲ್ಲ. 2022ರ ನಂತರ ಎಷ್ಟೋ ವಿಮಾನಗಳು ರಷ್ಯಾದ ಮೇಲೆ ಹಾರುತ್ತಿಲ್ಲ. ಟೋಕಿಯೊದಿಂದ ಲಂಡನ್‌ಗೆ ಸುತ್ತಿ ಬರುವವಕ್ಕೆ ಗಂಟೆಗಟ್ಟಲೆ ಜಾಸ್ತಿ ಹಿಡಿಯುತ್ತದೆ. ಆಪ್ ಇನ್ನೂ ಆ ಹತ್ತಿರದ ದಾರಿಯನ್ನೇ ತೋರಿಸುತ್ತಿದೆ.

ಇನ್ನೊಂದು ಮಾತು. ಟಿಕೆಟ್‌ನಲ್ಲಿರುವುದು ಗೇಟು ಬಿಟ್ಟಲ್ಲಿಂದ ಗೇಟು ಸೇರುವವರೆಗಿನ ಸಮಯ. ರನ್‌ವೇವರೆಗೆ ಉರುಳಿಕೊಂಡು ಹೋಗುವುದೂ ಅದರಲ್ಲೇ ಸೇರಿರುತ್ತದೆ. ಆಪ್ ಹೇಳುವ ಅಂಕಿ ಬೇರೆ. ಯಾರನ್ನಾದರೂ ಕರೆದುಕೊಂಡು ಬರಲು ಹೋಗುವವರು ವಿಮಾನಗಳ ಜಾಡು ತೋರಿಸುವ ಬೇರೆ ಆಪ್‌ನಲ್ಲಿ ಆ ವಿಮಾನದ ನಂಬರ್ ಹಾಕಿ, ಅದು ಈಗ ಎಲ್ಲಿದೆ ಅಂತ ನೋಡಿಕೊಂಡೇ ಹೊರಡಿ.

ಆಪ್ ಮಾಡಿದವರಲ್ಲಿ ನನ್ನ ಕೋರಿಕೆ ಇಷ್ಟೇ: ಹೋಗುವ ಸಮಯ, ಬರುವ ಸಮಯ ಬೇರೆ ಬೇರೆ ತೋರಿಸಿ. ಅದಾದ ದಿನ ಉಳಿದ ಎರಡು ಸ್ಟಾರ್ ಕೊಡುತ್ತೇನೆ.