ಚಿಕ್ಕಮಗಳೂರಲ್ಲಿ ‘ಹಲಾಲ್ ಹೋಂಸ್ಟೇ’ ಬುಕ್ ಮಾಡ್ತಿದ್ದೀರಾ? ಮೊದಲು ಅಡುಗೆಮನೆ ವಿಚಾರಿಸಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಮನೆಮಂದಿಯ ಜೊತೆ ಹೊರಟಿದ್ದೀರಾ? ಹೋಂಸ್ಟೇ ಜಾಹೀರಾತಿನಲ್ಲಿ ‘ಹಲಾಲ್ ಊಟ ಸಿಗುತ್ತದೆ’ ಅಂತ ಇದೆಯಾ? ದಯವಿಟ್ಟು ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನು ಓದಿ. ನಮಗೆ ಆಗಿದ್ದು ಇನ್ನೊಂದು ಕುಟುಂಬಕ್ಕೆ ಆಗಬಾರದು. ಆ ಹೋಂಸ್ಟೇ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇವೆ, ಅದು ಅಲ್ಲೇ ತೀರ್ಮಾನವಾಗಲಿ.

ನಾವು ದಾವಣಗೆರೆಯವರು. ಯೆಮೆನ್‌ನಿಂದ ಕಾಫಿ ಬೀಜ ತಂದರು ಅಂತ ಹೇಳುವ ಬಾಬಾ ಬುಡನ್ ಅವರ ಗಿರಿಯನ್ನು ಒಮ್ಮೆ ನೋಡಬೇಕು ಅನ್ನೋದು ಅಬ್ಬಾ ಅವರ ಬಹಳ ದಿನದ ಆಸೆ. ಅಬ್ಬಾಗೆ ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಹಾಗಾಗಿ ಊಟ ಅಲ್ಲೇ ಸಿಗುವ ಜಾಗ ಹುಡುಕಿದೆವು. ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಜಾಹೀರಾತು ಸಿಕ್ಕಿತು. ಹಲಾಲ್ ಊಟ, ನಮಾಜಿಗೆ ಜಾಗ, ಮದ್ಯ ಇಲ್ಲ, ಹೆಂಗಸರಿಗೆ ಬೇರೆ ಸಮಯದಲ್ಲಿ ಈಜುಕೊಳ, ಎಲ್ಲ ಬರೆದಿತ್ತು. ವಾಟ್ಸ್ಆ್ಯಪ್‌ನಲ್ಲಿ ಕೇಳಿದ್ದಕ್ಕೆ ‘ಫುಲ್ ಹಲಾಲ್ ಮೇಡಂ, ಯೋಚನೆನೇ ಬೇಡ’ ಅಂತ ಉತ್ತರ ಬಂತು. ಅರ್ಧ ಹಣ ಕಳಿಸಿದೆವು.

ಮೊದಲ ರಾತ್ರಿ ಮಕ್ಕಳು ಹಸಿದಿದ್ದರು, ಅವರಿಗೆ ಮುಂಚೆ ಬಡಿಸಿದರು. ನಾನು ನೀರು ಕೇಳಲು ಅಡುಗೆಮನೆಗೆ ಹೋದೆ. ಒಲೆ ಮೇಲೆ ಒಂದು ದೊಡ್ಡ ಬಾಣಲೆ. ಪಕ್ಕದ ಕಾಟೇಜಿನವರಿಗೆ ಫ್ರೈ ಆಗುತ್ತಿತ್ತು. ‘ಅಕ್ಕಾ, ಇದೇನು?’ ಅಂದೆ. ‘ಹಂದಿ ಮೇಡಂ, ಅವರು ಹೇಳಿ ಮಾಡಿಸಿಕೊಂಡಿದ್ದು’ ಅಂದರು. ‘ನಮ್ಮ ಕೋಳಿ ಯಾವುದರಲ್ಲಿ ಮಾಡಿದ್ರಿ?’ ಆ ಅಕ್ಕ ಒಂದು ಕ್ಷಣ ಸುಮ್ಮನಾದರು. ಆಮೇಲೆ ನಿಜ ಹೇಳಿದರು. ಬಾಣಲೆ ಒಂದೇ, ಸೌಟೂ ಒಂದೇ, ಕರಿದ ಎಣ್ಣೆಯೂ ಅದೇ. ಬೇರೆ ಪಾತ್ರೆ ಇಡಬೇಕು ಅಂತ ಅವರಿಗೆ ಯಾರೂ ಹೇಳಿರಲೇ ಇಲ್ಲ. ಆ ಅಕ್ಕನ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಅವರು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಹಂದಿ ಮಾಂಸ ಮಲೆನಾಡಿನ ಎಷ್ಟೋ ಮನೆಗಳ ಊಟ. ಅದಕ್ಕೆ ನನ್ನ ತಕರಾರಿಲ್ಲ. ಅದೇ ಬಾಣಲೆಯಲ್ಲಿ ಮಾಡಿದ್ದನ್ನು ಹಲಾಲ್ ಅಂತ ಹೇಳಿ, ಅದಕ್ಕೆ ಜಾಸ್ತಿ ದುಡ್ಡು ತಗೊಂಡು ನಮಗೆ ಬಡಿಸಿದ್ದು ಮೋಸ. ಮಕ್ಕಳು ಆಗಲೇ ತಿಂದಿದ್ದರು. ‘ಗೊತ್ತಿಲ್ಲದೆ ತಿಂದರೆ ಗುನಾಹ್ (ಪಾಪ) ಇಲ್ಲ’ ಅಂತ ಅಬ್ಬಾ ಎಷ್ಟು ಹೇಳಿದರೂ ಅಮ್ಮಿ ಅಳು ನಿಲ್ಲಿಸಲಿಲ್ಲ. ಅಬ್ಬಾ ಆ ರಾತ್ರಿ ನಾವು ತಂದಿದ್ದ ಬಾಳೆಹಣ್ಣು, ಬಿಸ್ಕತ್ತು ತಿಂದು ಮಾತ್ರೆ ನುಂಗಿದರು.

ಮಾಲೀಕರಿಗೆ ಫೋನ್ ಮಾಡಿದೆವು. ಅವರು ಊರಲ್ಲೇ ಇರಲಿಲ್ಲ. ‘ಕೋಳಿ ಸಾಬರ ಅಂಗಡಿಯಿಂದಲೇ ತಂದಿದ್ದು, ಇನ್ನೇನು ಬೇಕು?’ ಅಂದರು. ಹಲಾಲ್ ಅಂದರೆ ಕೊಯ್ಯುವ ರೀತಿ ಒಂದು ಭಾಗ ಅಷ್ಟೇ. ಯಾವ ಪಾತ್ರೆಯಲ್ಲಿ ಬೇಯಿತು, ಯಾವುದರ ಜೊತೆ ಬೆರೆಯಿತು ಅನ್ನೋದೂ ಅಷ್ಟೇ ಮುಖ್ಯ. ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದರು. ಮದ್ಯ ಇಲ್ಲ ಅಂದಿದ್ದೂ ಸುಳ್ಳು, ಈಜುಕೊಳಕ್ಕೆ ಬೇರೆ ಸಮಯ ಅಂದಿದ್ದೂ ಸುಳ್ಳು.

ರೂಮಿನ ಛಾವಣಿಯಲ್ಲಿ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡಬೇಕಾದ ಮೆಕ್ಕಾ ದಿಕ್ಕು, ತೋರಿಸುವ ಬಾಣದ ಸ್ಟಿಕ್ಕರ್ ಇತ್ತು. ಮೆಕ್ಕಾ ನಮ್ಮ ಕಡೆಯಿಂದ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದಂತೆ ಬರುತ್ತದೆ. ಸೂರ್ಯ ಒಂದು ಕಡೆ ಮುಳುಗುತ್ತಿದ್ದರೆ ಬಾಣ ಅದರ ಎದುರು ದಿಕ್ಕಿಗಿತ್ತು. ಅಂಟಿಸಿದವರು ಒಬ್ಬ ಮುಸ್ಲಿಮರನ್ನಾದರೂ ಕೇಳಿದ್ದರೆ ಸಾಕಿತ್ತು, ಅಲ್ವಾ?

ಹಾಗಾಗಿ ಬುಕ್ ಮಾಡುವ ಮುಂಚೆ ‘ಹಲಾಲ್ ಇದೆಯಾ’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ಎಲ್ಲರೂ ಹೌದು ಅಂತಾರೆ. ಅಲ್ಲಿ ಹಂದಿ ಮಾಂಸ ಮಾಡ್ತೀರಾ, ಮಾಡಿದರೆ ಪಾತ್ರೆ, ಎಣ್ಣೆ, ಫ್ರಿಜ್ ಬೇರೆ ಇದೆಯಾ, ಕೋಳಿ ಯಾವ ಅಂಗಡಿಯದು ಅಂತ ಕೇಳಿ. ಆಗುವುದಾದರೆ ಅಡುಗೆ ಮಾಡುವವರ ಹತ್ತಿರವೇ ಮಾತಾಡಿ. ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ ತೋರಿಸಿ ಅನ್ನಿ. ನೆಟ್‌ವರ್ಕ್ ಇಲ್ಲ ಅಂದರೆ ಫೋಟೋ ಕೇಳಿ. ಗೋಡೆಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಆಹಾರ ಸುರಕ್ಷತೆಗೆ ಸಂಬಂಧಿಸಿದ್ದು, ಅದರಿಂದ ಹಲಾಲ್ ಅಂತ ಗೊತ್ತಾಗುವುದಿಲ್ಲ. ನಮ್ಮ ದೇಶದಲ್ಲಿ ಹಲಾಲ್ ಪ್ರಮಾಣಪತ್ರ ಕೊಡುತ್ತಿರುವುದು ಜಮೀಯತ್ ಉಲಮಾ-ಎ-ಹಿಂದ್ ಹಲಾಲ್ ಟ್ರಸ್ಟ್, ಹಲಾಲ್ ಇಂಡಿಯಾದಂಥ ಖಾಸಗಿ ಸಂಸ್ಥೆಗಳು. ಯಾರಾದರೂ ಪತ್ರ ತೋರಿಸಿದರೆ ಅದು ಆ ಅಡುಗೆಮನೆಯ ಹೆಸರಿನಲ್ಲೇ ಇದೆಯಾ, ಅವಧಿ ಮುಗಿದಿಲ್ಲವಾ ನೋಡಿ. ಮಸಾಲೆ ಪ್ಯಾಕೆಟ್ ಮೇಲಿನ ಹಲಾಲ್ ಮುದ್ರೆ ಆ ಪ್ಯಾಕೆಟ್‌ಗೆ ಮಾತ್ರ. ಯಾವುದೂ ಖಾತ್ರಿಯಾಗದಿದ್ದರೆ ಮಾಂಸವನ್ನೇ ಮಾಡದ ಮನೆಯಲ್ಲಿ ಉಳಿದುಕೊಳ್ಳಿ. ಅಕ್ಕಿ ರೊಟ್ಟಿ, ಕಾಯಿ ಚಟ್ನಿ ನೆಮ್ಮದಿಯಾಗಿ ತಿನ್ನಬಹುದು.

ಹೋಂಸ್ಟೇ ನಡೆಸುವವರಿಗೂ ಒಂದು ಮಾತು. ಮಲೇಷ್ಯಾದಲ್ಲಿ ಮುಸ್ಲಿಂ ಪ್ರವಾಸಿಗರಿಗೆ ಹೊಂದುವ ಆತಿಥ್ಯಕ್ಕೆ ಎಂಎಸ್ 2610:2015 ಅಂತ ಪ್ರತ್ಯೇಕ ಮಾನದಂಡವೇ ಇದೆ. ವಸತಿ, ಟೂರ್ ಪ್ಯಾಕೇಜ್, ಗೈಡ್ ಎಲ್ಲ ಅದರಲ್ಲಿ ಬರುತ್ತದೆ. ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಬೇರೆ ಪಾತ್ರೆ, ಬೇರೆ ಎಣ್ಣೆ, ಟಾಯ್ಲೆಟ್‌ನಲ್ಲಿ ನೀರು, ಸರಿಯಾದ ದಿಕ್ಕು, ಇಷ್ಟಿದ್ದರೆ ನಾವು ಖುಷಿಯಿಂದ ಬರ್ತೀವಿ. ಆಗಲ್ಲ ಅಂದರೆ ಆಗಲ್ಲ ಅಂತ ಹೇಳಿ, ಅದಕ್ಕೂ ನಾವು ಬೇಜಾರು ಮಾಡಿಕೊಳ್ಳಲ್ಲ.

ಮೋಸ ಹೋದವರು ಸುಮ್ನೆ ಇರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಚಿಕ್ಕಮಗಳೂರಿಗೆ ಓಡಾಡಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಜಾಹೀರಾತು, ಚಾಟ್, ಯುಪಿಐ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಹೊರಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ. ನಾವು ಊರಿಗೆ ವಾಪಸ್ ಬರುವಷ್ಟರಲ್ಲಿ ಅವರ ಜಾಹೀರಾತಿನಿಂದ ‘ಮದ್ಯ ಇಲ್ಲ’ ಅನ್ನುವ ಸಾಲು ಮಾಯವಾಗಿತ್ತು. ‘ಹಲಾಲ್’ ಮಾತ್ರ ಇನ್ನೂ ಇದೆ.